ಅಕ್ಕನ ರಕ್ತದ ಚೀಟಿ ನಾನು ಓದಿದ್ದು

ನಮ್ಮಕ್ಕ ಯಾತರಿಂದ ಸತ್ತಳು ಎಂದು ನಮ್ಮೂರಿನಲ್ಲಿ ಈಗಲೂ ಕೇಳಿ ನೋಡಿ. ದೃಷ್ಟಿ ತಗುಲಿತು ಎನ್ನುವವರು ಒಂದಷ್ಟು ಜನ ಸಿಗುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಸೂಜಿ ಚುಚ್ಚಿ ರಕ್ತ ತೆಗೆದರಲ್ಲ, ಅದಕ್ಕೇ ಸತ್ತಳು ಎನ್ನುವವರು ಅದಕ್ಕಿಂತ ಹೆಚ್ಚು. ತೆಗೆದದ್ದು ಬೆರಳ ತುದಿಯಿಂದ ನಾಲ್ಕು ಹನಿ. ಆದರೆ ಆ ನಾಲ್ಕು ಹನಿ ವರ್ಷದಿಂದ ವರ್ಷಕ್ಕೆ ಬೆಳೆದು ಈಗ ಅರ್ಧ ಸೇರಿಗೆ ಬಂದು ನಿಂತಿದೆ. ನಾನು ಯಾರ ಹತ್ತಿರವೂ ವಾದಕ್ಕೆ ಹೋಗುವವನಲ್ಲ. ಬರೆದರೆ ಯಾರೂ ಮಧ್ಯೆ ಬಾಯಿ ಹಾಕುವುದಿಲ್ಲ ಎಂಬ ಒಂದೇ ಧೈರ್ಯದಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಶಿಡ್ಲಘಟ್ಟಕ್ಕೆ ಮೂರು ಮೈಲಿ. ಅಕ್ಕ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಮದುವೆಯಾದ ನಾಲ್ಕನೆಯ ವರ್ಷ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಆಗ ಅಮ್ಮ ಇರಲಿಲ್ಲ. ಅಪ್ಪ ಇದ್ದರು, ಸ್ವಲ್ಪ ದಿನಕ್ಕೆ ಅವರೂ ಹೋದರು. ಉಳಿದವರು ನಾನು, ಚಿಕ್ಕಪ್ಪ, ಚಿಕ್ಕಮ್ಮ. ಪಾಪ, ಗಂಡ ಸತ್ತವಳನ್ನು ನಾವು ಮನೆಯಲ್ಲಿಟ್ಟುಕೊಂಡು ಸಾಕುತ್ತಿದ್ದೇವೆ ಎಂದು ಚಿಕ್ಕಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಹೇಳುತ್ತಾ ಅವರು ಕುಡಿಯುತ್ತಿದ್ದ ಕಾಫಿಯನ್ನು ಕಾಯಿಸಿದವಳು ಅಕ್ಕ. ಆ ಕಾಫಿಪುಡಿ ಮನೆಗೆ ಬರುತ್ತಿದ್ದದ್ದು ಅಕ್ಕ ಬೆಳೆದ ರೇಷ್ಮೆಗೂಡಿನಿಂದ.

ಹುಳು ಸಾಕುವುದರಲ್ಲಿ ಅವಳಷ್ಟು ಕಟ್ಟುನಿಟ್ಟಿನವರು ಸುತ್ತಮುತ್ತ ಇರಲಿಲ್ಲ. ಮನೆಯ ಹಿಂಭಾಗದ ದೊಡ್ಡ ಕೋಣೆ ಹುಳುಗಳದ್ದು. ಅದರೊಳಗೆ ಕಾಲಿಡಬೇಕಾದರೆ ಕೈಕಾಲು ತೊಳೆಯಬೇಕು, ಹೊಸ್ತಿಲಲ್ಲಿ ಸುರಿದ ಸುಣ್ಣವನ್ನು ಮೆಟ್ಟಿ ಹೋಗಬೇಕು. ಬೀಡಿ ಸೇದಿದವರು, ಸಾವಿನ ಮನೆಗೆ ಹೋಗಿ ಬಂದವರು, ಕ್ಷೌರ ಮಾಡಿಸಿಕೊಂಡು ಸ್ನಾನ ಮಾಡದವರು ಬರಕೂಡದು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವ ಮುಂಚೆ ಆ ಕೋಣೆಯ ಬಾಗಿಲು ಮುಚ್ಚಬೇಕು. ಚಿಕ್ಕಪ್ಪ ನಶ್ಯ ಏರಿಸುವವರಾದ್ದರಿಂದ ತಮ್ಮದೇ ಮನೆಯ ಆ ಕೋಣೆಯನ್ನು ಮೂರು ವರ್ಷ ನೋಡಿರಲಿಲ್ಲ.

"ರಾಣಿವಾಸ ಕಣಮ್ಮ ಇದು, ನಮ್ಮಂಥೋರಿಗೆಲ್ಲಿ ದರ್ಶನ" ಎಂದು ನೆಂಟರು ಕೊಂಕು ತೆಗೆದರೆ ಅಕ್ಕ ಬಾಗಿಲಿಗೆ ಅಡ್ಡ ನಿಂತೇ ನಗುತ್ತಿದ್ದಳು.

"ರಾಣಿಗೆ ಕೆಮ್ಮು ಬಂದ್ರೆ ಕಷಾಯ ಕುಡಿಸ್ಬೋದು ಅತ್ತೆ. ಹುಳಕ್ಕೆ ಬಂದ್ರೆ ಗುಂಡಿ ತೋಡ್ಬೇಕು."

ನಾನು ಶಿಡ್ಲಘಟ್ಟದ ಒಂದು ಬಿತ್ತನೆ ಕೋಠಿಯಲ್ಲಿ ಕೆಲಸಕ್ಕಿದ್ದೆ. ರೈತರಿಗೆ ರೇಷ್ಮೆ ಮೊಟ್ಟೆ ತಯಾರಿಸಿ ಕೊಡುವ ಜಾಗ ಅದು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಪುಟ್ಟ ಒರಳಿನಲ್ಲಿ ಅರೆದು, ಅದರ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ, ಮೈಕ್ರೋಸ್ಕೋಪಿನ ಮುಂದೆ ಕೂತ ಸಾಹೇಬರಿಗೆ ಕೊಡುವುದು ನನ್ನ ಕೆಲಸ. ಅವರು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಹೊಳೆಯುವ ಸಣ್ಣ ಕಾಳುಗಳು ಕಂಡರೆ ಅದು ಗಂಟು ರೋಗ. ಆ ಚಿಟ್ಟೆಯ ಮೊಟ್ಟೆಗಳು ನೇರ ಒಲೆಗೆ. ಕಾಣದಿದ್ದರೆ ರೈತನಿಗೆ. ಕಾಳು ಕಡಿಮೆ ಕಂಡ ದಿನ ಇಡೀ ಕೋಠಿಗೆ ಹಬ್ಬ. ಎಂಟು ವರ್ಷ ನಾನು ಇದನ್ನೇ ಮಾಡಿದ್ದೆ, ಸಾಹೇಬರ ಮನಸ್ಸು ಚೆನ್ನಾಗಿದ್ದ ದಿನ ನಾಲ್ಕೈದು ಸಲ ಕಣ್ಣಿಟ್ಟು ನೋಡಿಯೂ ಇದ್ದೆ. ಲೋಯರ್ ಸೆಕೆಂಡರಿ ಪಾಸು, ಮೇಲೆ ಮೈಕ್ರೋಸ್ಕೋಪಿನ ಅನುಭವ. ನಮ್ಮ ಬೀದಿಯಲ್ಲಿ ನನಗಿಂತ ದೊಡ್ಡ ವಿಜ್ಞಾನಿ ಇರಲಿಲ್ಲ. ನನಗೆ ಏನೂ ಗೊತ್ತಿಲ್ಲದೆ ಇದ್ದಿದ್ದರೆ ಅಕ್ಕ ಕ್ಷೇಮವಾಗಿರುತ್ತಿದ್ದಳು.

ಅರವತ್ತರ ದಶಕದ ಮೊದಲ ವರ್ಷಗಳು ಅವು. ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ಕತ್ತರಿಸಿ ಅಕ್ಕನ ಕೈಗಂಟು, ಮಂಡಿ ಹಿಡಿದುಕೊಳ್ಳುತ್ತಿದ್ದವು. ಚಿಕ್ಕಪ್ಪ ಚಿಂತಾಮಣಿ ಸಂತೆಗೆ ಹೋದಾಗ ಅಲ್ಲಿ ಒಬ್ಬ ಮಾತ್ರೆ ಮಾರುವವನಿಂದ ಬಿಳಿ ಮಾತ್ರೆಗಳ ಪೊಟ್ಟಣ ತಂದರು. ಅದರ ಹೆಸರು ಮಾರಿದವನಿಗೂ ಗೊತ್ತಿರಲಿಲ್ಲ. ನುಂಗಿದ ಅರ್ಧ ಗಂಟೆಗೆ ನೋವು ಮಾಯ. ಚಿಕ್ಕಪ್ಪ ಅವತ್ತಿನಿಂದ ಧನ್ವಂತರಿಯೇ ಆದರು. ಪ್ರತಿ ಸಂತೆಗೂ ಒಂದು ಪೊಟ್ಟಣ. ಅಕ್ಕ ಬೆಳಿಗ್ಗೆ ಒಂದು, ಸಾಯಂಕಾಲ ಒಂದು, ಸೊಪ್ಪು ಹೆಚ್ಚಿದ್ದ ದಿನ ಮಧ್ಯಾಹ್ನವೂ ಒಂದು ನುಂಗುತ್ತಿದ್ದಳು. ಹೀಗೆ ಏಳೆಂಟು ತಿಂಗಳು.

ಆಮೇಲೆ ಜ್ವರ ಶುರುವಾಯಿತು. ಬರುವುದು, ಬಿಡುವುದು, ಮತ್ತೆ ಬರುವುದು. ಬಾಯಿ ತುಂಬ ಹುಣ್ಣು. ಖಾರ ಸೇರದು. ಸೊಪ್ಪಿನ ಮಂಕರಿ ಎತ್ತಿದರೆ ಏದುಸಿರು. ರೇಷ್ಮೆಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎಂದೇ ಹೆಸರು. ನಾಲ್ಕು ಜ್ವರ ದಾಟಿ ಹಣ್ಣಾದ ಹುಳುವನ್ನು ಚಂದ್ರಂಕಿ ಎಂಬ ಬಿದಿರಿನ ಚಾಪೆಗೆ ಬಿಟ್ಟರೆ ಗೂಡು ಕಟ್ಟುತ್ತದೆ. ಅಕ್ಕ ಗೋಡೆಗೊರಗಿ ಕೂತು ಅದನ್ನೇ ಹೇಳಿಕೊಂಡು ನಗುತ್ತಿದ್ದಳು.

"ಮೂರು ಜ್ವರ ಮುಗೀತು ಕಣೋ. ಇನ್ನೊಂದು ಬಂದ್ರೆ ನನ್ನನ್ನೂ ಚಂದ್ರಂಕಿಗೆ ಬಿಡು."

"ಬಿಡ್ತೀನಿ. ನಿನ್ನ ಗೂಡಿಗೆ ಒಳ್ಳೇ ರೇಟ್ ಬರ್ತದೆ" ಎಂದೆ.

"ಬರೋದೇ. ಯಾರ ತಟ್ಟೇಲಿ ಬೆಳ್ದಿದ್ದು?"

ಹಾಗೆ ನಗುವವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕೆಂದು ಯಾರಿಗೆ ಹೊಳೆಯಬೇಕು. ಒಂದು ದಿನ ತಟ್ಟೆ ಹಿಡಿದುಕೊಂಡೇ ಕುಸಿದಳು. ಹುಳುಗಳು ನೆಲಕ್ಕೆ ಚೆಲ್ಲಿದವು. ಆಗ ಮನೆಯವರಿಗೆಲ್ಲ ಕಾಯಿಲೆಯ ಗಂಭೀರತೆ ಅರ್ಥವಾಯಿತು.

ಚಿಕ್ಕರೈಲಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬರು ಡಾಕ್ಟರಮ್ಮ ಇದ್ದರು. ಮಾತು ಕಡಿಮೆ, ಕೇಳುವುದು ಜಾಸ್ತಿ. ರೆಪ್ಪೆ ಎಳೆದು ನೋಡಿದರು, ಬಾಯಿ ತೆರೆಸಿ ನೋಡಿದರು.

"ಯಾವುದಾದರೂ ಔಷಧಿ ತಗೋತಾ ಇದ್ದೀರಾಮ್ಮ?"

"ಇಲ್ಲ ತಾಯಿ" ಎಂದಳು ಅಕ್ಕ. ನಾನೂ ತಲೆಯಾಡಿಸಿದೆ.

ಇದು ಸುಳ್ಳಲ್ಲ. ಔಷಧಿ ಎಂದರೆ ಡಾಕ್ಟರು ಕೊಡುವಂಥದು, ಸೀಸೆಯಲ್ಲಿರುವಂಥದು, ಕಹಿಯಾಗಿರುವಂಥದು. ಸಂತೆಯಲ್ಲಿ ಸೊಪ್ಪು, ಬೆಲ್ಲ, ಕಡ್ಲೆಪುರಿಯ ಜೊತೆ ತಂದ ಮಾತ್ರೆ ಔಷಧಿ ಹೇಗಾಗುತ್ತದೆ? ಅದು ಎಲೆಅಡಿಕೆಯ ಜಾತಿಗೆ ಸೇರಿದ್ದು. ಎಲೆಅಡಿಕೆ ಹಾಕುತ್ತೀರಾ ಎಂದು ಅವರು ಕೇಳಿದ್ದರೆ ಬಹುಶಃ ಮಾತ್ರೆಯ ವಿಷಯ ಹೊರಗೆ ಬರುತ್ತಿತ್ತು.

ಬೆರಳಿಗೆ ಚುಚ್ಚಿ ರಕ್ತ ತೆಗೆದರು. ನಾಳೆ ಚೀಟಿ ಸಿಗುತ್ತದೆ, ಸೋಮವಾರ ಅದನ್ನು ತೆಗೆದುಕೊಂಡು ಇಬ್ಬರೂ ಬನ್ನಿ ಎಂದರು ಡಾಕ್ಟರಮ್ಮ. ಮರುದಿನ ಶನಿವಾರ ನಾನೊಬ್ಬನೇ ಹೋಗಿ ಚೀಟಿ ತಂದೆ. ರಕ್ತ ನೋಡುವಾತ ಅದನ್ನು ಕೊಡುವಾಗ ಚೀಟಿಯ ಮೇಲೆ ಒಂದು ಕಡೆ ಬೆರಳಿಟ್ಟು ಹೇಳಿದ: "ಬಿಳೀ ಕಣ ಬಹಳ ಕಡಿಮೆ ಇದೆ ಕಣ್ರೀ. ಸೋಮವಾರ ತಪ್ಪಿಸಬೇಡಿ."

ಆತ ಸರಿಯಾಗಿಯೇ ಹೇಳಿದ್ದ. ಇದನ್ನು ಇಲ್ಲಿ ಒತ್ತಿ ಬರೆಯುತ್ತೇನೆ, ಯಾಕೆಂದರೆ ನಮ್ಮೂರಿನವರು ಎಲ್ಲ ತಪ್ಪನ್ನೂ ಆ ಬಡಪಾಯಿಯ ಸೂಜಿಯ ಮೇಲೆ ಹಾಕಿದ್ದಾರೆ.

ರೈಲಿನಲ್ಲಿ ಕೂತು ಚೀಟಿ ಬಿಡಿಸಿದೆ. ಇಂಗ್ಲಿಷಿನಲ್ಲಿ ಒಂದಷ್ಟು ಸಾಲು. ಆತ ಬೆರಳಿಟ್ಟಿದ್ದ ಕಡೆ ಒಂದು ಅಂಕಿ, ಎರಡು ಸಾವಿರಕ್ಕೂ ಕೆಳಗೆ. ಮೈಕ್ರೋಸ್ಕೋಪು, ಗಾಜಿನ ಮೇಲೆ ಒಂದು ಹನಿ, ಬಿಳಿಯ ಕಣ, ಅದು ಬಹಳ ಕಡಿಮೆ. ಇದೆಲ್ಲ ನನಗೆ ಗೊತ್ತಿದ್ದ ಲೋಕವೇ. ಎಂಟು ವರ್ಷದಿಂದ ನಾನು ಕಾಯುತ್ತಿದ್ದ ಪ್ರಶ್ನೆಪತ್ರಿಕೆ ಕೊನೆಗೂ ಕೈಗೆ ಬಂದಂತಾಯಿತು. ಮನೆಯ ಜಗಲಿ ಹತ್ತುವ ಮುಂಚೆಯೇ ಉತ್ತರ ಹೇಳಿದೆ.

"ಅಕ್ಕ, ಬಿಳೀ ಕಣ ಬಹಳ ಕಮ್ಮಿ ಐತಂತೆ. ಕಮ್ಮಿ ಇದ್ರೆ ಒಳ್ಳೇದು. ಕಾಯಿಲೆ ಹೋಗ್ತಾ ಐತೆ."

ಈ ಮಾತನ್ನು ಚಿಕ್ಕಪ್ಪ ಹೇಳಿದ್ದು ಎಂದು ಎಲ್ಲರೂ ತಿಳಿದಿದ್ದಾರೆ. ಚಿಕ್ಕಪ್ಪನೂ ಹಾಗೇ ತಿಳಿದಿದ್ದರು. ಅವರ ತಪ್ಪಲ್ಲ, ಅವರು ಆ ಮಾತನ್ನು ಅಷ್ಟು ಕಡೆ ಅಷ್ಟು ಸಲ ಹೇಳಿದರು. ಮೊದಲು ಹೇಳಿದವನು ನಾನು.

"ನಾನು ತಂದ ಮಾತ್ರೆ ಕಣಮ್ಮ ಅದು ಮಾಡಿರೋದು" ಎಂದರು ಚಿಕ್ಕಪ್ಪ, ನಶ್ಯದ ಡಬ್ಬಿ ತಟ್ಟುತ್ತಾ. "ಈ ಸಂತೆಗೆ ಎರಡು ಪೊಟ್ಟಣ ತರ್ತೀನಿ. ಆ ಕಣ ಪೂರ್ತಾ ಹೋಗೋವರೆಗೂ ಬಿಡಬಾರ್ದು."

ಅವರ ಬಾಯಿಂದ ಜೀವಮಾನದಲ್ಲಿ ಬಂದ ಒಂದೇ ಒಂದು ವೈದ್ಯಕೀಯ ಸತ್ಯ ಇದು. ಕಣ ಕಡಿಮೆ ಮಾಡಿದ್ದು ಆ ಮಾತ್ರೆಯೇ.

ಸೋಮವಾರ ಹೋಗಲಿಲ್ಲ. ಗುಣವಾಗುತ್ತಿರುವವರು ಡಾಕ್ಟರ ಹೊತ್ತು ಹಾಳು ಮಾಡಬಾರದು ಎಂದು ಚಿಕ್ಕಮ್ಮ ಹೇಳಿದರು. ಡಾಕ್ಟರ ಮೇಲೆ ನಮ್ಮ ಮನೆಯವರಿಗೆ ಅಷ್ಟು ಕನಿಕರ ಯಾವಾಗಲೂ ಇತ್ತು. ಅಕ್ಕ ಮಾತ್ರ ಒಂದು ಸಲ ಕೇಳಿದಳು.

"ಕಮ್ಮಿ ಆಗಿದ್ರೆ ಬಾಯಿ ಯಾಕೋ ಇನ್ನೂ ಉರೀತದೆ?"

"ಹೋಗೋ ಕಾಯಿಲೆ ಉರಿಸೇ ಹೋಗೋದು" ಎಂದೆ. ಮೈಕ್ರೋಸ್ಕೋಪು ನೋಡಿದವನ ಮಾತಿಗೆ ಎದುರಾಡುವುದುಂಟೇ.

ಸುದ್ದಿ ಹಬ್ಬಿತು. ಅಕ್ಕನ ರಕ್ತ ಚೆನ್ನಾಗಿದೆಯಂತೆ ಎಂದು ಜನ ಬರತೊಡಗಿದರು. ಬೆಳೆ ಇಳಿದು ಗೂಡು ಮಾರಾಟವಾಗಿದ್ದ ವಾರ ಅದು. ಹುಳುವಿನ ಕೋಣೆಯನ್ನು ತೊಳೆದು, ಫಾರ್ಮಲಿನ್ ಹೊಡೆದು, ಗಾಳಿಗೆ ಬಿಟ್ಟು, ಬಾಗಿಲು ಹಾಕಿತ್ತು. ಅದರೊಳಗೆ ಸೊಳ್ಳೆಯೂ ಹೋಗುವಂತಿರಲಿಲ್ಲ. ಅಕ್ಕ ಮಲಗಿದ್ದ ನಡುಮನೆಗೆ ಮಾತ್ರ ಇಡೀ ಊರು ಹೋಗಬಹುದಾಗಿತ್ತು. ಕಾಲು ತೊಳೆಯದೆ ಬಂದರು, ಮೂಗು ಒರೆಸುತ್ತಾ ಬಂದರು. ನೆಗಡಿಯ ಕೂಸನ್ನು ಅವಳ ಮಡಿಲಿಗೇ ಹಾಕಿದರು. ಪಕ್ಕದ ಮನೆಯ ಅಜ್ಜಿ ಅವಳ ಗಲ್ಲ ಹಿಡಿದು ತೆಲುಗಿನಲ್ಲೇ ಕೊಂಡಾಡಿದಳು.

"ಏಮಮ್ಮಾ, ರಕ್ತಂ ಬಾಗುಂದಂಟ ಕದಾ! ನಾ ಕನ್ನೇ ತಗುಲುತುಂದೇಮೋ, ಥೂ ಥೂ."

ತನ್ನ ಕಣ್ಣೇ ತಗುಲೀತೆಂದು ಥೂ ಥೂ ಎಂದು ಉಗಿದದ್ದು, ದೃಷ್ಟಿ ತೆಗೆಯಲು. ಅಜ್ಜಿಗೆ ಒಂದು ತಿಂಗಳಿಂದ ಕೆಮ್ಮು.

ಬಂದವರಿಗೆಲ್ಲ ಅಕ್ಕನೇ ಎದ್ದು ಕಾಫಿ ಕಾಯಿಸಿದಳು. ಗುಣವಾದವಳು ಮಲಗಿರುವುದು ಶೋಭೆಯಲ್ಲ ಎಂದು ಚಿಕ್ಕಮ್ಮ ಹೇಳಿದ್ದರು. ಮುಂದಿನ ಭಾನುವಾರ ಹರಕೆ ತೀರಿಸಲು ಎಲ್ಲರೂ ಕೈವಾರಕ್ಕೆ ಹೊರಟೆವು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕನನ್ನು ಎರಡು ಮಂಕರಿ ಮತ್ತು ಒಬ್ಬ ದಪ್ಪ ಹೆಂಗಸಿನ ನಡುವೆ ಕೂರಿಸಿದೆವು. ಅಲ್ಲಿ ಪಂಕ್ತಿಯಲ್ಲಿ ಊಟಕ್ಕೆ ಕೂತಳು. ಅನ್ನ ಕಲೆಸಿ ಬಾಯಿಗಿಟ್ಟವಳು ನುಂಗಲಾರದೆ ಸುಮ್ಮನೆ ಎಲೆಯನ್ನು ನೋಡುತ್ತಿದ್ದಳು. "ಪ್ರಸಾದ ಬಿಡಬಾರ್ದು ಕಣೇ" ಎಂದರು ಚಿಕ್ಕಮ್ಮ. ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ಎಲ್ಲವನ್ನೂ ನುಂಗಿದಳು. ಭಕ್ತಿಯಿಂದ ಅಳುತ್ತಿದ್ದಾಳೆ ಎಂದುಕೊಂಡೆವು.

ಮಂಗಳವಾರ ಅವಳ ಗಂಟಲು ಕಟ್ಟಿತು. ಮೈ ಕೆಂಡ. ನೀರು ಕೂಡ ಇಳಿಯದು. ಬುಧವಾರ, ಎಂದರೆ ಚೀಟಿ ನನ್ನ ಜೇಬಿಗೆ ಬಂದ ಹನ್ನೊಂದನೆಯ ದಿನ, ಅವಳನ್ನು ಮತ್ತೆ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಚೀಟಿಯನ್ನು ಬಿಡಿಸಿ ನೋಡಿ, ಮಡಿಚಿ, ಮತ್ತೆ ಬಿಡಿಸಿದರು.

"ಇದು ಸಿಕ್ಕಿ ಹನ್ನೊಂದು ದಿನ ಆಗಿದೆ. ಎಲ್ಲಿದ್ರಿ?"

"ಕಡಿಮೆ ಇತ್ತಲ್ಲಮ್ಮ. ಕಡಿಮೆ ಇದ್ರೆ ಒಳ್ಳೇದು ಅಂತ..."

"ಯಾರು ಹೇಳಿದ್ದು?"

ನಾನು ಬಿತ್ತನೆ ಕೋಠಿಯ ವಿಷಯ ಹೇಳಿದೆ. ಚಿಟ್ಟೆ, ಒರಳು, ಕಾಳು, ಎಲ್ಲ. ಅವರು ಬೈದಿದ್ದರೆ ವಾಸಿಯಾಗಿತ್ತು. ಶಾಲೆಯ ಮಗುವಿಗೆ ಹೇಳುವ ಹಾಗೆ ತಾಳ್ಮೆಯಿಂದ ಬಿಡಿಸಿ ಹೇಳಿದರು.

"ನೋಡಪ್ಪ, ನೀನು ಚಿಟ್ಟೇಲಿ ನೋಡೋದು ರೋಗ. ಇದು ರೋಗ ಅಲ್ಲ. ರೋಗ ಒಳಗೆ ಬಂದಾಗ ಅದರ ಮೇಲೆ ಬಿದ್ದು ಹೊಡೆದಾಡೋದು ಈ ಬಿಳೀ ಕಣಗಳು. ಆರೋಗ್ಯವಾಗಿರೋರಿಗೆ ಐದು ಸಾವಿರ, ಆರು ಸಾವಿರ, ಇನ್ನೂ ಮೇಲೆ ಇರುತ್ತೆ. ಸ್ವಲ್ಪ ಹೆಚ್ಚು ಕಡಿಮೆ ಆದ್ರೆ ಭಯ ಇಲ್ಲ, ಕೆಲವು ಜ್ವರದಲ್ಲಿ ಇಳಿದು ತಾನೇ ಏರುತ್ತೆ. ಇಷ್ಟು ಇಳಿದರೆ ಮಾತ್ರ ಮೈಗೆ ಕಾವಲೇ ಇಲ್ಲ. ಬೇರೆಯವರಿಗೆ ಬರೀ ನೆಗಡಿ ಆಗೋದು ಇವರಿಗೆ ಪ್ರಾಣಕ್ಕೆ ಬರುತ್ತೆ. ಅದಕ್ಕೇ ಬಾಯಿ ಹುಣ್ಣು, ಅದಕ್ಕೇ ಬಿಟ್ಟುಬಿಟ್ಟು ಜ್ವರ."

ನಾನು ಕೇಳುತ್ತಾ ನಿಂತೆ. ನೆಗಡಿಯ ಕೂಸು, ಕೆಮ್ಮಿನ ಅಜ್ಜಿ, ಕೈವಾರದ ಬಸ್ಸು, ಒಂದೊಂದಾಗಿ ಕಣ್ಣಮುಂದೆ ಬಂದವು.

"ಇದು ಸುಮ್ಮನೆ ಇಳಿಯೋದಿಲ್ಲ. ಏನೋ ತಿಂದಿದ್ದಾರೆ. ನೋವಿಗೆ, ಜ್ವರಕ್ಕೆ, ಸಂತೆಲಿ, ಅಂಗಡೀಲಿ, ಯಾವುದಾದರೂ ಮಾತ್ರೆ?"

ಅಕ್ಕ ಸೆರಗಿನ ಗಂಟು ಬಿಚ್ಚಿ ಪೊಟ್ಟಣ ಮೇಜಿನ ಮೇಲಿಟ್ಟಳು. ಅವತ್ತಿನ ಬೆಳಗಿನ ಮಾತ್ರೆಯನ್ನೂ ನುಂಗಿ ಬಂದಿದ್ದಳು. ಡಾಕ್ಟರಮ್ಮ ಒಂದನ್ನು ಮುರಿದು ಮೂಸಿ ನೋಡಿದರು, ಪೊಟ್ಟಣವನ್ನು ತಮ್ಮ ಮೇಜಿನ ಸೆಳೆಖಾನೆಗೆ ಹಾಕಿ ಬೀಗ ತಿರುಗಿಸಿದರು. ನೋವಿನ ಕೆಲವು ಮಾತ್ರೆಗಳು ಕೆಲವರ ಮೈಯಲ್ಲಿ ಬಿಳೀ ಕಣ ಹುಟ್ಟುವುದನ್ನೇ ನಿಲ್ಲಿಸಿಬಿಡುತ್ತವೆ ಎಂದರು. ಮಾತ್ರೆ ನಿಲ್ಲಿಸಿದರೆ ಕಣ ಮತ್ತೆ ಹುಟ್ಟಬಹುದು. ಅಲ್ಲಿಯವರೆಗೆ ಹೊರಗಿನ ಸೋಂಕು ತಗುಲದಂತೆ ಕಾಯಬೇಕು. ಗಂಟಲಿಗೆ ಪೆನಿಸಿಲಿನ್ ಸೂಜಿ. ಹನ್ನೊಂದು ದಿನದ ಹಿಂದೆ ಬಂದಿದ್ದರೆ ಎಂದು ಶುರು ಮಾಡಿದವರು ಅಕ್ಕನ ಮುಖ ನೋಡಿ ನಿಲ್ಲಿಸಿದರು.

"ವಾರ್ಡಲ್ಲಿ ಇಟ್ಕೊಳ್ಳೋಣ ಅಂದ್ರೆ ಅಕ್ಕಪಕ್ಕ ಎಲ್ಲ ಕೆಮ್ಮು, ವಾಂತಿಭೇದಿ. ಇವರಿಗೆ ಯಾರೂ ಬರದ, ತುಂಬಾ ಶುಚಿಯಾದ ಒಂದು ಕೋಣೆ ಬೇಕು. ನಿಮ್ಮ ಮನೇಲಿ ಅಂಥದ್ದು ಎಲ್ಲಿರುತ್ತೆ..."

ನಾನೂ ಅಕ್ಕನೂ ಮುಖ ನೋಡಿಕೊಂಡೆವು. ಅವಳ ಗಂಟಲಿನಿಂದ ನಗುವಿನಂಥದೇನೋ ಬಂತು.

"ಐತಮ್ಮ. ಇಡೀ ತಾಲ್ಲೂಕಲ್ಲೇ ಅಂಥ ಕೋಣೆ ಇಲ್ಲ" ಎಂದಳು.

"ಯಾರಿರೋದು ಅದರಲ್ಲಿ?"

"ಹುಳ."

ಹೀಗೆ ಅಕ್ಕ ಹುಳುವಿನ ಕೋಣೆಗೆ ಬಂದಳು. ತಟ್ಟೆಗಳ ಸ್ಟ್ಯಾಂಡು ಒಂದು ಕಡೆ ಸರಿಸಿ, ಚಾಪೆ ಹಾಸಿ, ಹಾಸಿಗೆ ಬಿಡಿಸಿದೆ. ನಾನೊಬ್ಬನೇ ಕೈಕಾಲು ತೊಳೆದು, ಮೂಗು ಬಾಯಿಗೆ ಬಟ್ಟೆ ಕಟ್ಟಿ ಒಳಗೆ ಹೋಗಬಹುದು. ಶಿಡ್ಲಘಟ್ಟದಿಂದ ಸೂಜಿ ಹಾಕುವ ನರ್ಸಮ್ಮ ದಿನಾ ಬರುವರು. ಕಾಯಿಸಿ ಆರಿಸಿದ ನೀರು, ಗಂಜಿ. ಕೋಠಿಗೆ ರಜೆ ಹಾಕಿದೆ. ನೆಂಟರು ಬಂದರೆ ಬಾಗಿಲಿಗೆ ನಾನು ಅಡ್ಡ ನಿಂತೆ.

"ಹೆತ್ತಮ್ಮನ ಹಂಗೆ ಇರೋ ಚಿಕ್ಕಮ್ಮನ್ನೂ ಬಿಡಲ್ವೇನೋ? ನಾನೇನು ಪ್ಲೇಗು ತಂದಿದೀನಾ?" ಎಂದರು ಚಿಕ್ಕಮ್ಮ.

"ಬಿಡಲ್ಲ."

ನನ್ನ ಬಾಯಿಂದ ಅಂಥ ಮಾತು ಅವರು ಕೇಳಿದ್ದು ಅದೇ ಮೊದಲು. ಕಾಯಿಲೆ ಇವನ ತಲೆಗೂ ಏರಿದೆ ಎಂದು ಚಿಕ್ಕಪ್ಪನಿಗೆ ದೂರು ಕೊಟ್ಟರು. ಚಿಕ್ಕಪ್ಪ ಹೊಸ ಎರಡು ಪೊಟ್ಟಣ ತಂದಿದ್ದರು. ಅದನ್ನು ಅವರ ಎದುರಿಗೇ ಬಚ್ಚಲ ಒಲೆಗೆ ಹಾಕಿದೆ. "ಓದಿದೋರ ಅಹಂಕಾರ" ಎಂದರು. ಅದಕ್ಕೆ ಉತ್ತರ ಕೊಡುವ ಯೋಗ್ಯತೆ ನನಗಿರಲಿಲ್ಲ.

ಐದನೆಯ ದಿನ ಜ್ವರ ಇಳಿಯಿತು. ಗಂಜಿ ಇಳಿಯಿತು. ಗೋಡೆಗೆ ದಿಂಬಿಟ್ಟು ಕೂತಳು. ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟಿದಿರಾ, ಮುಂದಿನ ಬೆಳೆಗೆ ಮೊಟ್ಟೆ ಹೇಳಿದೆಯಾ ಎಂದೆಲ್ಲ ವಿಚಾರಿಸಿದಳು. ಆಮೇಲೆ ಕೇಳಿದಳು.

"ಆ ಚೀಟಿ ಇನ್ನೂ ಐತಾ?"

"ಐತೆ."

"ಓದು. ಏನೇನ್ ಬರ್ದವ್ರೆ ಕೇಳಣ."

ಜೇಬಿನಿಂದ ತೆಗೆದು ಅಂಕಿ ಓದಿದೆ.

"ಎಷ್ಟಿರ್ಬೇಕಾಗಿತ್ತು?"

"ಐದು ಸಾವಿರದ ಮೇಲೆ."

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ಅಷ್ಟೇ ಅಷ್ಟು ಕಾವಲು ಜನ ಇಟ್ಕೊಂಡು ಹನ್ನೊಂದು ದಿನ ಊರಿಗೆಲ್ಲ ಕಾಫಿ ಕಾಯ್ಸಿದ್ನಲ್ಲೋ. ಅವ್ಕೊಂದು ಸಂಬಳ ಕೊಡ್ಬೇಕಪ್ಪ."

"ಅಕ್ಕ, ಕಮ್ಮಿ ಇದ್ರೆ ಒಳ್ಳೇದು ಅಂತ ಮೊದಲು ಹೇಳಿದ್ದು ಚಿಕ್ಕಪ್ಪ ಅಲ್ಲ. ನಾನು."

"ನಂಗೊತ್ತಿಲ್ವಾ? ಕಿವಿ ಚೆನ್ನಾಗೇ ಐತೆ ನಂಗೆ." ಬೆನ್ನ ಹಿಂದಿನ ದಿಂಬು ಸರಿಮಾಡಿಕೊಂಡಳು. "ನಂಗೂ ಹಂಗೇ ಅನ್ನಿಸ್ತು ಕಣೋ. ಇಷ್ಟು ವರ್ಷ ಹುಳ ಸಾಕಿದೀನಿ. ಕಣ ಕಮ್ಮಿ ಅಂದ್ರೆ ನಂಗೂ ಖುಷಿನೇ ಆಯ್ತು. ಬಾಯಿ ಉರೀತಾ ಇದ್ರೂನೂ."

ನನ್ನನ್ನು ಸಮಾಧಾನ ಮಾಡಲು ಹಾಗೆ ಹೇಳಿದಳೋ, ನಿಜವಾಗಿಯೂ ಹಾಗೇ ಅನ್ನಿಸಿತ್ತೋ, ಇವತ್ತಿಗೂ ನನಗೆ ತಿಳಿದಿಲ್ಲ. ಅವಳು ಕೇಳಿದ್ದ ಪ್ರಶ್ನೆ ನನಗೆ ನೆನಪಿದೆ. ನಾನು ಕೊಟ್ಟ ಉತ್ತರವೂ ನೆನಪಿದೆ.

ಎಂಟನೆಯ ದಿನ ಬೆಳಿಗ್ಗೆ ಉಸಿರು ಭಾರವಾಯಿತು. ಎದೆಗೆ ಇಳಿದಿದೆ ಎಂದರು ನರ್ಸಮ್ಮ. ಬಾಡಿಗೆ ಕಾರು ಮಾಡಿಕೊಂಡು ಚಿಕ್ಕಬಳ್ಳಾಪುರ ಸೇರಿದೆವು. ಡಾಕ್ಟರಮ್ಮ ಓಡಿ ಬಂದರು. ಮತ್ತೆ ಬೆರಳಿಗೆ ಚುಚ್ಚಿದರು. ಚೀಟಿ ಬರುವ ಹೊತ್ತಿಗೆ ಅಕ್ಕ ಇರಲಿಲ್ಲ. ಅವಳ ಸೀರೆಯನ್ನು ಸರಿಮಾಡುತ್ತಿದ್ದ ನನ್ನ ಹತ್ತಿರ ರಕ್ತ ನೋಡುವಾತ ಬಂದು, ಕೊಡಲೋ ಬೇಡವೋ ಎಂದು ನಿಂತು, ಕೊನೆಗೆ ಮೆಲ್ಲಗೆ ಹೇಳಿದ.

"ಸ್ವಲ್ಪ ಏರಿತ್ತು ಕಣ್ರೀ. ಮಾತ್ರೆ ಬಿಟ್ಟ ಮೇಲೆ ಏರೋಕೆ ಶುರುವಾಗಿತ್ತು."

ತಿಥಿಯ ದಿನ ಮನೆ ತುಂಬ ಜನ. ಸೂಜಿಯ ಕಥೆ ಆಗಲೇ ಬಲಿತಿತ್ತು. ಚೆನ್ನಾಗಿದ್ದವಳ ರಕ್ತ ಎಳೆದರು, ಬಿಳೀ ಕಣವೆಲ್ಲ ಸೂಜಿಯಲ್ಲಿ ಹೊರಟುಹೋಯಿತು, ಇದು ತೀರ್ಮಾನ. ಹೇಳುತ್ತಿದ್ದವರಿಗೆ ವಡೆ ಬಡಿಸುತ್ತಿದ್ದವನು ನಾನು. ಬಕೆಟ್ಟು ಕೆಳಗಿಟ್ಟು ಹೇಳಿದೆ.

"ಸೂಜಿ ಅಲ್ಲ. ಚೀಟಿ ನಾನು ತಪ್ಪು ಓದಿದೆ. ಮಾತ್ರೆ ನಿಲ್ಲಿಸಲಿಲ್ಲ. ನೀವೆಲ್ಲ ಕೆಮ್ಮುತ್ತಾ ಬಂದು ನೋಡಿದ್ರಿ. ನಾನೇ ಬಿಟ್ಟೆ."

ಚಿಕ್ಕಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ ಹೇಳಿದರು: "ಅಕ್ಕನ ದುಃಖ, ಪಾಪ. ಏನೇನೋ ಅಂತಾನೆ. ವಡೆ ತಗೊಳ್ಳಿ, ತಗೊಳ್ಳಿ." ಎಲ್ಲರೂ ತೆಗೆದುಕೊಂಡರು. ನಾನು ಜೀವನದಲ್ಲಿ ಮಾಡಿದ ಒಂದೇ ಒಂದು ಭಾಷಣ ಹೀಗೆ ಮುಗಿಯಿತು.

ಇದರ ಫಲ ನಾನು ಎಣಿಸಿದ್ದಕ್ಕಿಂತ ಬೇರೆಯಾಯಿತು. ರಕ್ತದ ವಿಷಯ ಅವನಿಗೆ ಏನೋ ಗೊತ್ತಿದೆ ಎಂದು ಊರು ತೀರ್ಮಾನಿಸಿತು. ಯಾರಿಗೆ ಚೀಟಿ ಬಂದರೂ ನೇರ ನಮ್ಮ ಜಗಲಿಗೆ. ಒಬ್ಬಳನ್ನು ಕೊಂದವನಿಗೇ ಇಡೀ ಊರನ್ನು ಒಪ್ಪಿಸುವ ನಂಬಿಕೆ ನಮ್ಮವರದು. ನಾನು ಚೀಟಿ ಬಿಡಿಸುವುದೇ ಇಲ್ಲ. ಯಾವ ಊರಿನ ಡಾಕ್ಟರು ಎಂದು ಕೇಳುತ್ತೇನೆ. ಚಿಕ್ಕಬಳ್ಳಾಪುರವೋ, ಚಿಂತಾಮಣಿಯೋ, ಒಮ್ಮೆ ಗೌರಿಬಿದನೂರಿನವರೆಗೂ ಹೋಗಿದ್ದೇನೆ. ಚಪ್ಪಲಿ ಮೆಟ್ಟಿ, ಬಂದವರನ್ನು ಕರೆದುಕೊಂಡು ಹೊರಡುತ್ತೇನೆ. ಕೋಠಿಯಲ್ಲಿ ಒಂದು ದಿನದ ಕೂಲಿ ಹೋಗುತ್ತದೆ, ಹೋಗಲಿ.

ಮೊದಲು ಬಂದವಳು ಥೂ ಥೂ ಎಂದ ಆ ಪಕ್ಕದ ಮನೆಯ ಅಜ್ಜಿ, ಅಕ್ಕ ಹೋದ ಮೂರನೆಯ ತಿಂಗಳು. ರೈಲಿನಲ್ಲಿ ನನ್ನ ಎದುರಿಗೆ ಕೂತು ಕೆಮ್ಮುತ್ತಾ, ಚೀಟಿಯನ್ನು ನನ್ನ ಮುಖದ ಹತ್ತಿರ ಹಿಡಿದಳು.

"ಜಾಸ್ತಿನಾ ಕಮ್ಮಿನಾ, ಅಷ್ಟು ಹೇಳಪ್ಪ."

"ಗೊತ್ತಿಲ್ಲಜ್ಜಿ."

"ಓದಿದೋನು ಅಂತಾರೆ ನಿನ್ನ."

"ಅಂತಾರೆ."

"ಮತ್ತೆ ಒಳ್ಳೇದೋ ಕೆಟ್ಟದ್ದೋ ತಿಳೀದೆ ಅಷ್ಟು ದೂರ ಯಾಕಪ್ಪ ಹೋಗೋದು?"

"ಅದನ್ನ ಕೇಳೋಕೇ ಅಜ್ಜಿ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಈ ಮನೆಯವರಲ್ಲಿ ಬುದ್ಧಿ ಇದ್ದದ್ದು ಹೋದ ಆ ಹೆಣ್ಣೊಬ್ಬಳಿಗೇ ಎಂದು ತೆಲುಗಿನಲ್ಲಿ ಗೊಣಗಿಕೊಂಡು, ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡಳು. ಅದು ನಿಜವಾದ್ದರಿಂದ ನಾನು ತಲೆಯಾಡಿಸಿದೆ.